ಆರ್ಥರನ ಫೈಲಿನಲ್ಲಿದ್ದ ಇಸಿಜಿ

ಬಸ್ಸು ಓಡಿಸುವವನು ಡ್ಯೂಟಿಯಲ್ಲಿ ಫೋನು ಮುಟ್ಟುವ ಹಾಗಿಲ್ಲ. ಬೆಳಗ್ಗೆಯಿಂದ ಚೀಲದೊಳಗೆ ಫೋನು ಗುಂಯ್‌ಗುಡುತ್ತಲೇ ಇತ್ತು, ಜೆರ್ರಿ ಅಡಿಲೇಡಿನ ರಸ್ತೆಗಳಲ್ಲಿ ಮುಖ ಗಂಟು ಹಾಕಿಕೊಂಡು ಬಸ್ಸು ಓಡಿಸುತ್ತಲೇ ಇದ್ದ. ಭಾನುವಾರ ಇಷ್ಟೊಂದು ಮೆಸೇಜು ಬರುವುದೆಂದರೆ ಒಂದೋ ಯಾರಿಗೋ ಮದುವೆ ಗೊತ್ತಾಗಿರಬೇಕು, ಇಲ್ಲ ಯಾರೋ ಆಸ್ಪತ್ರೆ ಸೇರಿರಬೇಕು. ಮದುವೆಯ ವಯಸ್ಸಿನವರು ಮನೆತನದಲ್ಲಿ ಸದ್ಯಕ್ಕೆ ಒಬ್ಬರೂ ಇರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಟೀ ಟ್ರೀ ಪ್ಲಾಜಾದ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದವನು ಚಹಾ ಕೂಡ ಮಾಡಿಕೊಳ್ಳದೆ ಫೋನು ತೆಗೆದ.

ಪರ್ತ್‌ನಲ್ಲಿ ಅಣ್ಣ ಆರ್ಥರ್ ಆಸ್ಪತ್ರೆ ಸೇರಿದ್ದ.

ಆರ್ಥರ್ ಗಣಿಯೊಂದರಲ್ಲಿ ಫಿಟ್ಟರ್. ಎರಡು ವಾರ ಗಣಿಯಲ್ಲಿ, ಒಂದು ವಾರ ಸದರ್ನ್ ರಿವರ್‌ನ ಮನೆಯಲ್ಲಿ. ಅದೇ ಗಣಿಯಲ್ಲಿ ತಿಪ್ಪೇಸ್ವಾಮಿ ಅಂತ ಒಬ್ಬ ಭೂವಿಜ್ಞಾನಿ. ಚಿತ್ರದುರ್ಗದವನು, ಮೂವತ್ತು ವರ್ಷದ ತನಕ ಸಮುದ್ರ ಅಂದರೆ ಏನು ಅಂತ ಕಂಡವನಲ್ಲ, ಪರ್ತ್‌ಗೆ ಬಂದದ್ದೇ ಬೋಟು ಕೊಂಡುಬಿಟ್ಟಿದ್ದ. ಆ ಬೋಟನ್ನು ಟ್ರೇಲರಿನಿಂದ ನೀರಿಗೆ ಇಳಿಸುವಾಗ ಹಗ್ಗ ಸುತ್ತುವ ವಿಂಚಿನ ಹಲ್ಲು ಜಾರಿ, ಅದರ ಕಬ್ಬಿಣದ ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಆರ್ಥರನ ಎದೆಯ ನಟ್ಟನಡುವೆ ಬಡಿದಿತ್ತು. ಹೊಡೆತಕ್ಕೆ ಕೂತವನು ಹತ್ತು ನಿಮಿಷದಲ್ಲಿ ಎದ್ದು, "ಏನಿಲ್ಲ ಬಿಡು ಮಾರಾಯ" ಎಂದು ಚಹಾ ಕುಡಿದು, ಕಾರಿನ ಹತ್ತಿರ ಹೋಗುವಷ್ಟರಲ್ಲಿ ಕಣ್ಣು ಕತ್ತಲೆ ಕಟ್ಟಿ ಕುಸಿದಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಇವನಿಗೆ ತಪ್ಪಲಿಲ್ಲವಲ್ಲ!

ಅತ್ತಿಗೆ ಬೆನೆಡಿಕ್ಟಾ ಮನೆಯವರ ವಾಟ್ಸಾಪ್ ಗುಂಪಿಗೆ ಒಂದರ ಹಿಂದೆ ಒಂದು ಬರೆದಿದ್ದಳು. ಚರ್ಚಿನ ಪೂಜೆ ತಪ್ಪಿಸಿ ಮೀನು ಹಿಡಿಯಲು ಹೋದರೆ ಹೀಗೇ ಆಗೋದು. ಮೂಳೆ ಮುರಿದಿಲ್ಲ. ರಕ್ತದ ಟೆಸ್ಟೂ ಸರಿ ಇದೆ. ಇಸಿಜಿಯಲ್ಲಿ ಏನೋ ಬಲಗಡೆ ಬ್ಲಾಕ್ ಅಂತೆ, ಪೆಟ್ಟು ಹೃದಯಕ್ಕೇ ತಗುಲಿರಬಹುದಂತೆ. ಹಳೆಯ ಇಸಿಜಿ ಇದ್ದರೆ ತೋರಿಸಿ ಅಂದರು. ಅದಾಗಿ ಹತ್ತೇ ನಿಮಿಷಕ್ಕೆ ಒಂದು ಫೋಟೋ, ಅದರ ಕೆಳಗೆ: "ಸಿಕ್ಕಿತು! ೨೦೦೯ರ ಗಲ್ಫ್ ಮೆಡಿಕಲ್. ಸೇಮ್ ಟು ಸೇಮ್ ಇದೆ. ಹಳೇದೇ, ಪೆಟ್ಟಿನಿಂದ ಬಂದದ್ದಲ್ಲ ಅಂದ್ರು ಡಾಕ್ಟರು. ದೇವರಿಗೆ ಸ್ತೋತ್ರ." ಆಮೇಲೆ ಕೈಮುಗಿದ ಚಿತ್ರಗಳ ಮೆರವಣಿಗೆ.

ಬೆನೆಡಿಕ್ಟಾಳ ಫೈಲು ಇಡೀ ನೆಂಟರಿಷ್ಟರಲ್ಲಿ ಪ್ರಸಿದ್ಧ. ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಗಂಡನ ಒಂದೇ ಒಂದು ಕಾಗದವನ್ನೂ ಆಕೆ ಕಳೆದವಳಲ್ಲ. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ, ಎಲ್ಲದರ ಫೋಟೋ ಫೋನಿನಲ್ಲಿ. ವೀಸಾಕ್ಕೆ ಅಲೆದ ಮನೆತನಗಳಲ್ಲಿ ಇಂಥ ಸೊಸೆಗೆ ಬಂಗಾರದ ಬೆಲೆ.

ಜೆರ್ರಿ ಫೋಟೋ ದೊಡ್ಡದು ಮಾಡಿದ. ಆರ್ಥರನ ಹೆಸರು, ಆಸ್ಪತ್ರೆಯ ದುಂಡು ಮುದ್ರೆ, ಮಾಸಿದ ಗೆರೆಗಳು. ಹೆಸರು ಅಣ್ಣನದು, ಸರಿ. ಆ ಗೆರೆಗಳು ಮಾತ್ರ ಜೆರ್ರಿಯವು.

ಇದಕ್ಕೆ ಹಿಂದಿನ ಕತೆ ಹೇಳಬೇಕು. ಅಣ್ಣತಮ್ಮಂದಿರು ಹುಟ್ಟಿದ್ದು ಶಿರ್ವದ ಕಡೆ. ಅಪ್ಪನ ಕಾರ್ಖಾನೆ ಕೆಲಸದಿಂದಾಗಿ ಬೆಳೆದದ್ದು ಬೆಂಗಳೂರಿನಲ್ಲಿ, ಹಾಗಾಗಿ ನಾಲಿಗೆಗೆ ಕೊಂಕಣಿಗಿಂತ ಕನ್ನಡವೇ ಮುಂದು. ಆರ್ಥರನಿಗೆ ಹತ್ತೊಂಬತ್ತರಲ್ಲಿ ಟಿಬಿ ಬಂದಿತ್ತು. ಔಷಧಿ ತಿಂದು ಪೂರ್ತಿ ಗುಣವಾದರೂ ಶ್ವಾಸಕೋಶದ ಮೇಲೆ ಕಲೆ ಉಳಿಯಿತು. ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದಾಗ ಅದೇ ಕಲೆ ಅಡ್ಡ ಬಂತು. ಗಲ್ಫ್ ಮೆಡಿಕಲ್‌ನ ಎಕ್ಸ್‌ರೇಯಲ್ಲಿ ಕಲೆ ಕಂಡರೆ ಅನ್‌ಫಿಟ್ ಎಂದು ಮುದ್ರೆ ಒತ್ತುತ್ತಾರೆ. ಆ ಮುದ್ರೆ ಬಿದ್ದವನಿಗೆ ಮತ್ತೆ ಬಾಗಿಲಿಲ್ಲ. ಊರಲ್ಲಿ ಇದಕ್ಕೊಂದು ಉಪಾಯ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಮ್ಮನೇ ಹೇಳಿದಳು: "ಅಣ್ಣನ ಎದೆ ಬೇರೆಯಾ, ತಮ್ಮನ ಎದೆ ಬೇರೆಯಾ? ಎರಡೂ ನಾನೇ ಹೆತ್ತದ್ದು. ಹೋಗಿ ಬಾರೋ ಜೆರ್ರಿ." ಇಬ್ಬರದೂ ಒಂದೇ ಮುಖ, ಒಂದೇ ಮೀಸೆ. ಜೆರ್ರಿ ಅಣ್ಣನ ಪಾಸ್‌ಪೋರ್ಟ್ ಹಿಡಿದು ಹೋದ, ಅಂಗಿ ಬಿಚ್ಚಿದ, ಎಕ್ಸ್‌ರೇ ಕೊಟ್ಟ. ಕಂಪನಿಯವರು ಕೇಳಿದ್ದಾರೆ ಎಂದು ಇಸಿಜಿಯನ್ನೂ ತೆಗೆದರು. ಆರ್ಥರ್ ಫಿಟ್ ಆದ. ಮಸ್ಕತ್ತಿನಲ್ಲಿ ಇಳಿದ ಮೇಲಿನ ತಪಾಸಣೆಯಲ್ಲಿ ಅದೃಷ್ಟ ಕೈಹಿಡಿಯಿತು. ಮುಂದೆ ಆಸ್ಟ್ರೇಲಿಯಾದವರು ಕೇಳಿದಾಗ ಅವನು ಟಿಬಿಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿ, ತನ್ನ ಎಕ್ಸ್‌ರೇ ತಾನೇ ಕೊಟ್ಟು ಬಂದ. ಹಳೆಯ ಮೋಸ ಮಾತ್ರ ಫೈಲಿನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ಬೆನೆಡಿಕ್ಟಾಳಿಗೂ ಅದು ತಿಳಿಯದು.

ತನ್ನ ಹೃದಯದ ಬಲಗಡೆಯ ತಂತಿ ಸ್ವಲ್ಪ ನಿಧಾನ, ಅದನ್ನೇ ಬಲಗಡೆ ಬ್ಲಾಕ್ ಅನ್ನುತ್ತಾರೆ ಎಂದು ಜೆರ್ರಿಗೆ ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ, ಬಸ್ಸಿನ ಲೈಸೆನ್ಸಿಗೆ ಪರೀಕ್ಷೆ ಮಾಡಿಸಿದಾಗ. ಹುಟ್ಟಿನಿಂದ ಬಂದಿರಬಹುದು, ಏನೂ ತೊಂದರೆಯಿಲ್ಲ ಎಂದಿದ್ದರು ಡಾಕ್ಟರು. ಹಾಗಾದರೆ ಅಣ್ಣನಿಗೆ ಇವತ್ತು ಕಂಡಿರುವ ಬ್ಲಾಕ್ ಎಲ್ಲಿಂದ ಬಂತು?

ಗಡಿಯಾರ ನೋಡಿದ. ಮುಂದಿನ ಟ್ರಿಪ್ಪಿಗೆ ಹದಿನೆಂಟು ನಿಮಿಷವಿತ್ತು. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ ಚಿಕ್ಕಮ್ಮನ ಮಗಳು ಮೆಲನಿ ಎಮರ್ಜೆನ್ಸಿ ನರ್ಸ್. ಅವಳಿಗೆ ಫೋನು ಹಚ್ಚಿದ.

"ಹೇಳೋ ಜೆರ್ರಿ. ಆರ್ಥರ್ ಬಚಾವಾದ ಅಲ್ವಾ?"

"ಹೂಂ. ಒಂದು ವಿಷ್ಯ ಹೇಳು. ಆ ಬ್ಲಾಕ್ ಹಳೇದಾಗಿರದೆ ಹೊಸದಾಗಿದ್ದಿದ್ರೆ ಏನ್ಮಾಡ್ತಿದ್ರು?"

"ಎದೆಮೂಳೆ ಹಿಂದೇನೇ ಹಾರ್ಟ್‌ನ ಬಲಗಡೆ ಭಾಗ ಇರೋದು. ಮುಂದಿಂದ ಪೆಟ್ಟು ಬಿದ್ರೆ ಮೊದ್ಲು ಏಟು ತಿನ್ನೋದೇ ಅದು. ಅದಕ್ಕೇ ಬಲಗಡೆ ಬ್ಲಾಕ್ ಕಂಡ್ರೆ ಹಳೇದಾ ಹೊಸದಾ ಅಂತ ಹುಡುಕ್ತೀವಿ. ಹಳೇದಾದ್ರೆ ಸರಿ. ಹೊಸದಾದ್ರೆ ಒಂದು ದಿನವಾದ್ರೂ ಮಾನಿಟರಿಂದ ಕದಲಿಸೋ ಹಾಗಿಲ್ಲ."

"ಕದಲಿಸಿದ್ರೆ?"

"ಸುಮಾರು ಜನಕ್ಕೆ ಏನೂ ಆಗಲ್ಲ. ಒಬ್ಬೊಬ್ರಿಗೆ ಇದ್ದಕ್ಕಿದ್ದ ಹಾಗೆ ಬಡಿತ ದಾರಿ ತಪ್ಪತ್ತೆ. ವಾರ್ಡಲ್ಲಿದ್ರೆ ಶಾಕ್ ಕೊಟ್ಟು ಎಬ್ಬಿಸ್ತೀವಿ. ಫ್ರೀವೇಲಿ ಕಾರೊಳಗಿದ್ರೆ ಯಾರು ಎಬ್ಬಿಸ್ತಾರೆ?"

"ರಕ್ತದ ಟೆಸ್ಟ್ ಸರಿ ಇದೆ ಅಂದ್ರಲ್ಲ ಅತ್ತಿಗೆ."

"ಹಾರ್ಟಿಗೆ ಏಟಾದ್ರೆ ಏರೋ ಟ್ರೊಪೊನಿನ್ ತಾನೇ? ಪೆಟ್ಟು ಬಿದ್ದ ಎರಡೇ ಗಂಟೆಗೆ ತೆಗೆದದ್ದು ಅದು. ಇನ್ನೂ ಏರಬಹುದು, ಅದಕ್ಕೇ ಇನ್ನೊಂದ್ಸಲ ತೆಗೀಬೇಕು. ಇಸಿಜಿನೂ ಸರಿ, ರಕ್ತಾನೂ ಸರಿ ಅಂದ್ರೆ ಮಾತ್ರ ಧೈರ್ಯವಾಗಿ ಮನೆಗೆ ಕಳಿಸ್ಬಹುದು. ಯಾಕೋ ಇಷ್ಟೆಲ್ಲ ಕೇಳ್ತಿದ್ದೀಯ?"

"ಸುಮ್ನೆ."

"ಸುಮ್ನೆ ಕೇಳೋ ಪೈಕಿ ಅಲ್ಲ ನೀನು."

ಜೆರ್ರಿ ಫೋನು ಇಟ್ಟುಬಿಟ್ಟ. ಡ್ರೈವರುಗಳ ಕೋಣೆಯ ತುಂಬ ನಾಲ್ಕು ಸಲ ಶತಪಥ ತಿರುಗಿ ಅಣ್ಣನಿಗೆ ಹಚ್ಚಿದ. ಆರ್ಥರ್ ತಕ್ಷಣ ಎತ್ತಿದ, ದನಿ ಸಣ್ಣಗಿತ್ತು.

"ಅಣ್ಣ, ಆ ಇಸಿಜಿ—"

"ಗೊತ್ತು. ಸುಮ್ನಿರು."

"ಅದು ನಂದು ಅಣ್ಣ."

"ನನಗ್ಗೊತ್ತಿಲ್ವೇನೋ? ಬಾಯ್ಮುಚ್ಕೊಂಡು ಬಸ್ ಓಡ್ಸು ಹೋಗು."

"ಮೆಲನಿ ಹೇಳ್ತಾಳೆ, ಹೊಸದಾದ್ರೆ—"

"ಮೆಲನಿಗೆ ಹೇಳ್ಬಿಟ್ಯಾ?"

"ಇಲ್ಲ."

"ಹೇಳ್ಬೇಡ. ಯಾರಿಗೂ ಹೇಳ್ಬೇಡ. ನಿನ್ನ ದಮ್ಮಯ್ಯ ಕಣೋ. ನಂಗೆ ಮಂಗಳವಾರ ಗಣಿ ಸೈಟಿಗೆ ಫ್ಲೈಟಿದೆ. ಎದೆ ನೋವು ಬಿಟ್ರೆ ಗಟ್ಟಿಮುಟ್ಟಾಗಿದೀನಿ." ಅಷ್ಟಕ್ಕೇ ಕಡಿದುಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಜೆರ್ರಿಗೆ ರೋಸಿ ಹೋಯಿತು. ಪ್ರಾಣ ಹೋಗುವ ಹೊತ್ತಿನಲ್ಲೂ ಇವನಿಗೆ ಸೈಟು, ಫ್ಲೈಟು! ಹಾಳಾಗಿ ಹೋಗಲಿ, ಅವನಿಗೇ ಬೇಡವಾದ ಪ್ರಾಣದ ಉಸಾಬರಿ ನನಗ್ಯಾಕೆ, ಎಂದು ಅಂದುಕೊಂಡ. ಅಂದುಕೊಂಡದ್ದು ನಿಜವಲ್ಲವೆಂದು ಅಂದುಕೊಳ್ಳುವಾಗಲೇ ಗೊತ್ತಿತ್ತು. ಹೊರಗೆ ಬಸ್ಸಿನ ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು. ಹೋಗಿ ಸೀಟಿನಲ್ಲಿ ಕೂತ, ಬಾಗಿಲು ಮುಚ್ಚಿದ, ಹೊರಟ.

ಟೀ ಟ್ರೀ ಪ್ಲಾಜಾದಿಂದ ಊರೊಳಗೆ ಹೋಗುವ ಆ ದಾರಿಯಲ್ಲಿ ಬಸ್ಸಿಗೆ ಕಾಂಕ್ರೀಟಿನ ಹಳಿಯಿದೆ. ಹಳಿ ಹತ್ತಿದ ಮೇಲೆ ಬಸ್ಸು ತಾನೇ ತಿರುಗುತ್ತದೆ, ಸ್ಟೀರಿಂಗ್ ಹಿಡಿಯಬೇಕಿಲ್ಲ. ಬೇರೆ ದಿನ ಜೆರ್ರಿಗೆ ಅದೊಂದು ಸುಖ. ಇವತ್ತು ಕೈಗೆ ಕೆಲಸವಿಲ್ಲದೆ ತಲೆ ಓಡತೊಡಗಿತು. ಹೆಬ್ಬೆರಳಿನಿಂದ ಸ್ಟೀರಿಂಗನ್ನು ಬಡಿದ, ನಿಲ್ಲಿಸಿದ, ಮತ್ತೆ ಬಡಿದ.

ಏಕೆಂದರೆ ಅವನಿಗೆ ಅಣ್ಣನ ಮೇಲಿನ ಸಿಟ್ಟಿಗಿಂತ ದೊಡ್ಡದೊಂದು ಭಯವಿತ್ತು. ಜೆರ್ರಿ, ಹೆಂಡತಿ ಟೀನಾ, ಏಳು ವರ್ಷದ ಮಗಳು ವಿವಿಯನ್ ಈ ದೇಶಕ್ಕೆ ಬಂದದ್ದು ಅಣ್ಣನ ಸ್ಪಾನ್ಸರ್‌ಶಿಪ್ಪಿನಲ್ಲಿ. ಇಲ್ಲೇ ಕಾಯಂ ಇರಲು ಹಾಕಿದ ಪಿಆರ್ ಅರ್ಜಿ ನಾಲ್ಕು ತಿಂಗಳಿಂದ ಒಳಗೆ ಕೂತಿತ್ತು. ಅರ್ಜಿ ತುಂಬುವಾಗ ಒಂದು ಪ್ರಶ್ನೆಯಿತ್ತು: ಯಾವತ್ತಾದರೂ ಸುಳ್ಳು ದಾಖಲೆ ಕೊಟ್ಟಿದ್ದೀರಾ? ಟೀನಾ ಪಕ್ಕದಲ್ಲೇ ಕೂತಿದ್ದಳು. ಅವನು ಇಲ್ಲ ಎಂಬುದರ ಮೇಲೆ ಒತ್ತಿದ್ದ. ಈಗ ಬಾಯಿ ಬಿಟ್ಟರೆ ಆಸ್ಪತ್ರೆಯವರು ಬರೆದಿಡುತ್ತಾರೆ. ಬರೆದಿಟ್ಟದ್ದು ಎಲ್ಲೆಲ್ಲಿಗೆ ಹೋಗುತ್ತದೋ ಯಾರು ಕಂಡವರು! ಮಗಳ ಶಾಲೆ, ಟೀನಾಳ ಕೆಲಸ, ಎಲ್ಲ ಕಟ್ಟಿಕೊಂಡು ಹೊರಡಿ ಅಂದರೆ? ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಣ್ಣನೇ ಬೇಡ ಅಂದಿದ್ದಾನೆ. ಮೆಲನಿಯೇ ಹೇಳಿದಳಲ್ಲ, ಸುಮಾರು ಜನಕ್ಕೆ ಏನೂ ಆಗುವುದಿಲ್ಲ ಎಂದು. ಸುಮಾರು ಜನಕ್ಕೆ ಏನೂ ಆಗುವುದಿಲ್ಲ, ಸುಮಾರು ಜನಕ್ಕೆ ಏನೂ ಆಗುವುದಿಲ್ಲ ಎಂದು ಜಪ ಮಾಡುತ್ತಾ ಪ್ಯಾರಡೈಸ್ ನಿಲ್ದಾಣದಲ್ಲಿ ಹಿಂದಿನ ಬಾಗಿಲು ತೆರೆಯುವುದನ್ನೇ ಮರೆತ. "ಡೋರ್, ಮೇಟ್!" ಎಂದು ಯಾರೋ ಕೂಗಿದರು.

ಊರೊಳಗಿನ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಜೆರ್ರಿ ಫೋನು ತೆಗೆದ. ಬೆನೆಡಿಕ್ಟಾಳ ಮೆಸೇಜು: "ಇನ್ನೊಂದು ಬ್ಲಡ್ ಟೆಸ್ಟಿಗೆ ಕಾಯಲ್ಲ, ಸೈನ್ ಹಾಕಿ ಹೊರಡ್ತೀನಿ ಅಂತ ಹಠ ಹಿಡಿದಿದ್ದಾನೆ. ಹೇಗೂ ಹಳೇದೇ ತಾನೇ. ಕಾರು ತರೋಕೆ ಹೋಗ್ತಿದ್ದೀನಿ. ಇವತ್ತು ಸಂಜೆ ಎಲ್ಲರೂ ವಿಡಿಯೋ ಕಾಲಿಗೆ ಬನ್ನಿ."

ಕಾರು ಎಂಬ ಮಾತು ಕಂಡದ್ದೇ ಅವನ ಲೆಕ್ಕಾಚಾರವೆಲ್ಲ ಮುರಿದು ಬಿತ್ತು. ಆರ್ಥರನನ್ನು ಯಾರೂ ಪಕ್ಕದ ಸೀಟಿನಲ್ಲಿ ಕೂರಿಸಲಾರರು, ಅತ್ತಿಗೆಯ ಕೈಯಿಂದ ಕೀ ಕಿತ್ತುಕೊಂಡು ಅವನೇ ಓಡಿಸುವವನು. ಅವಸರದಲ್ಲಿ ಎರಡು ಸಲ ತಪ್ಪು ಹೆಸರು ಒತ್ತಿ, ಕೊನೆಗೆ ಬೆನೆಡಿಕ್ಟಾಳಿಗೆ ಹಚ್ಚಿದ.

"ಅತ್ತಿಗೆ, ಕಾರು ತರ್ಬೇಡಿ."

"ಯಾಕೋ? ಬೇಸ್‌ಮೆಂಟಿಗೆ ಬಂದ್ಬಿಟ್ಟಿದ್ದೀನಿ."

"ಆ ಹಳೇ ಇಸಿಜಿ ಅಣ್ಣಂದಲ್ಲ. ನಂದು."

"ತಲೆ ಕೆಟ್ಟಿದ್ಯಾ? ಹೆಸರಿದೆ, ಸೀಲಿದೆ, ಪಾಸ್‌ಪೋರ್ಟ್ ನಂಬರಿದೆ."

"ಹೆಸರು ಅವನದು, ಎದೆ ನಂದು. ಅವನಿಗೆ ಟಿಬಿ ಕಲೆ ಇತ್ತಲ್ಲ, ಎಕ್ಸ್‌ರೇಲಿ ಸಿಕ್ಕಿ ಬೀಳ್ತಾನೆ ಅಂತ ಅವನ ಬದ್ಲು ನಾನು ಹೋಗಿದ್ದೆ. ಅದೇ ಮೆಡಿಕಲ್‌ನ ಎಕ್ಸ್‌ರೇ ರಿಪೋರ್ಟ್ ನೋಡಿ ಅತ್ತಿಗೆ. ಶ್ವಾಸಕೋಶ ಕ್ಲಿಯರ್ ಅಂತಿರತ್ತೆ. ಅಣ್ಣನ ಎದೆಯಾಗಿದ್ರೆ ಕ್ಲಿಯರ್ ಹೇಗಾಗತ್ತೆ?"

ಆಕೆ ಫೋನಿನಲ್ಲೇ ಆ ಕಾಗದವನ್ನು ತೆಗೆದು ನೋಡುತ್ತಿದ್ದಳೆಂದು ಕಾಣುತ್ತದೆ.

"ಹನ್ನೆರಡು ವರ್ಷದಿಂದ ಈ ಪೇಪರಿಗೆ ಪ್ಲಾಸ್ಟಿಕ್ ಹಾಕಿ ಕಾಪಾಡಿದ್ದೀನಲ್ಲೋ," ಎಂದಳು ಕೊನೆಗೆ. ಆಮೇಲೆ ಬೆಂಕಿ ಹತ್ತಿತು. "ಅಣ್ಣತಮ್ಮಂದಿರು ಸೇರ್ಕೊಂಡು ನನ್ನ ಕೈಯಿಂದ್ಲೇ ನನ್ನ ಗಂಡನ್ನ ಸಾಯಿಸ್ತಿದ್ರಲ್ಲೋ! ಹೊಟ್ಟೆಗೆ ಅನ್ನ ತಿಂತೀರೋ ಮಣ್ಣು ತಿಂತೀರೋ?"

ಫೋನು ಕಡಿಯಲಿಲ್ಲ, ಕಡಿಯುವ ವ್ಯವಧಾನ ಆಕೆಗಿರಲಿಲ್ಲ. ಖಾಲಿ ಬಸ್ಸಿನಲ್ಲಿ ಕೂತ ಜೆರ್ರಿಗೆ ದಡದಡ ಹೆಜ್ಜೆ ಕೇಳಿಸಿತು, ಲಿಫ್ಟಿನ ಗಂಟೆ ಕೇಳಿಸಿತು. ಆಮೇಲೆ ಆಕೆಯ ಇಂಗ್ಲಿಷು, ಏದುಸಿರಿನಲ್ಲಿ: ಡಾಕ್ಟರ್, ನಾನು ತೋರಿಸಿದ ಕಾಗದ ನನ್ನ ಗಂಡನದಲ್ಲ. ಅದರ ಹಿಂದೆಯೇ ಆರ್ಥರನ ಕೂಗು: "ಬೆನ್ನೀ, ಬೇಡ ಕಣೇ! ಸುಮ್ನಿರೇ!" ಅಷ್ಟರಲ್ಲಿ ಫೋನು ನಿಂತಿತು.

ಜೆರ್ರಿ ಕಂಟ್ರೋಲ್ ರೂಮಿಗೆ ತಿಳಿಸಿದ, ನನ್ನಿಂದ ಇವತ್ತು ಬಸ್ಸು ಓಡಿಸಲು ಆಗುವುದಿಲ್ಲ ಎಂದು. ಬೇರೆ ಡ್ರೈವರ್ ಬಂದ ಮೇಲೆ ಇಳಿದು ಫುಟ್‌ಪಾತಿನಲ್ಲಿ ನಡೆದ, ತಿರುಗಿ ಬಂದ, ಮತ್ತೆ ನಡೆದ. ಜುಲೈ ಅಂದರೆ ಅಲ್ಲಿ ಚಳಿಗಾಲ, ಗಾಳಿ ಕಿವಿ ಕೊರೆಯುತ್ತಿತ್ತು. ಟೀನಾಳಿಗೆ ಫೋನು ಮಾಡಬೇಕೆಂದು ಮೂರು ಸಲ ಹೆಸರು ತೆಗೆದು ಮೂರು ಸಲವೂ ಮುಚ್ಚಿದ. ಎರಡು ಗಂಟೆ ಕಳೆದ ಮೇಲೆ ಬೆನೆಡಿಕ್ಟಾ ಮಾಡಿದಳು. ಈಗ ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಎರಡನೇ ಬ್ಲಡ್ ಟೆಸ್ಟಲ್ಲಿ ಏರಿತ್ತು. ಮಾನಿಟರ್ ಹಾಕಿ ಮಲಗಿಸಿದ್ರು. ನನ್ನ ಜೊತೆ ಜಗಳ ಆಡ್ತಾ ಇದ್ದ ಜೆರ್ರಿ, ಮಾತಾಡ್ತಾ ಮಾತಾಡ್ತಾನೇ ಕಣ್ಣು ಮೇಲೆ ಹೋಯ್ತು. ಎಲ್ಲರೂ ಓಡಿ ಬಂದ್ರು. ಶಾಕ್ ಕೊಟ್ರು. ಇದಾನೆ. ಬದುಕಿದಾನೆ. ನೀರು ಕೇಳ್ತಿದಾನೆ."

ಜೆರ್ರಿ ಅಲ್ಲೇ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ.

ಮರುದಿನ ಬೆಳಗಿನ ವಿಮಾನ ಹಿಡಿದು ಪರ್ತ್‌ಗೆ ಹೋದ. ಅಣ್ಣನಿಗೆ ಹುಷಾರಿಲ್ಲ ಎಂದಷ್ಟೇ ಟೀನಾಳಿಗೆ ಹೇಳಿದ್ದ. ವಾರ್ಡಿನ ಹೊರಗೆ ಒಬ್ಬ ಡಾಕ್ಟರಮ್ಮ ಅವನನ್ನು ನಿಲ್ಲಿಸಿ, ಆ ೨೦೦೯ರ ಇಸಿಜಿ ಯಾರದು ಎಂದು ಕೇಳಿದಳು. ನನ್ನದು ಎಂದ. ಆಕೆ ಅವನ ಹೆಸರು ಕೇಳಿ ಕಂಪ್ಯೂಟರಿನಲ್ಲಿ ಬರೆದುಕೊಂಡಳು. ಇದನ್ನು ಬರೆಯಲೇಬೇಕೆ ಎಂಬ ಮಾತು ಅವನ ಬಾಯಿಂದ ಬಂದೇಬಿಟ್ಟಿತು. ಬರೆಯದಿದ್ದರೆ ಮುಂದೆ ನೋಡುವ ಡಾಕ್ಟರೂ ಇದನ್ನೇ ನಂಬಿ ಮೋಸ ಹೋಗುತ್ತಾರೆ ಎಂದಳು ಆಕೆ. ಅವನು ತಲೆಯಾಡಿಸಿದ.

ಆರ್ಥರ್ ಎದೆಯ ತುಂಬ ತಂತಿ ಅಂಟಿಸಿಕೊಂಡು ಒರಗಿದ್ದ. ತಮ್ಮನನ್ನು ಕಂಡದ್ದೇ ಮುಖ ತಿರುಗಿಸಿದ.

"ಹೇಳ್ಬೇಡ ಅಂದ್ರೆ ನಿನಗರ್ಥ ಆಗಲ್ಲ ಅಲ್ವಾ?"

"ನಿಂಗೆ ಸೈಟು, ಫ್ಲೈಟೇ ದೊಡ್ಡದಾಯ್ತು. ಸತ್ತು ಹೋಗ್ತಿದ್ದೆ ಅಣ್ಣ."

"ಯಾವ ಸೈಟೋ ಮುಠ್ಠಾಳ!" ಆರ್ಥರ್ ಏಳಲು ಹೋಗಿ ನೋವಿಗೆ ಹಲ್ಲು ಕಚ್ಚಿದ. "ನಂದು ಸಿಟಿಜನ್‌ಶಿಪ್ ಆಗಿ ಆರು ವರ್ಷ ಆಯ್ತು. ನನ್ನದೇನಾಗತ್ತೋ ಆಗ್ಲಿ, ನೋಡ್ಕೋತೀನಿ. ಒಳಗೆ ಕೂತಿರೋದು ನಿನ್ನ ಅರ್ಜಿ. ಇನ್ನೊಂದು ನಾಲ್ಕು ತಿಂಗಳು ನಾವಿಬ್ರೂ ಸುಮ್ನಿದ್ದಿದ್ರೆ ಬಂದ್ಬಿಡ್ತಿತ್ತು. ಆ ಮಗು ಮುಖ ನೆನಪಾಯ್ತು ನಂಗೆ, ತಿಳ್ಕೋ."

ಜೆರ್ರಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಇಂಥ ಅಣ್ಣನನ್ನು ಹಾಳಾಗಿ ಹೋಗಲಿ ಎಂದಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇನ್ನೊಂದು ವಿಷಯವೂ ಇತ್ತು, ಹೇಳದೆ ಇದ್ದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ಹೇಳಿದ.

"ಅಣ್ಣ, ಎಲ್ಲ ಗೊತ್ತಾದ ಮೇಲೂ ನಾನು ಒಂದು ಟ್ರಿಪ್ ಹೊಡ್ದೆ. ಟೀ ಟ್ರೀ ಪ್ಲಾಜಾದಿಂದ ಸಿಟಿವರೆಗೂ. ಮೆಲನಿ ಹೇಳಿದ್ಳು, 'ಒಬ್ಬೊಬ್ರಿಗೆ ಇದ್ದಕ್ಕಿದ್ದ ಹಾಗೆ ಬಡಿತ ದಾರಿ ತಪ್ಪತ್ತೆ' ಅಂತ. ಆದ್ರೂ ಹೊಡ್ದೆ. ಪಿಆರ್ ಬಗ್ಗೇನೇ ಯೋಚ್ನೆ ಮಾಡ್ಕೊಂಡು."

ಆರ್ಥರ್ ತಮ್ಮನ ಕಡೆ ಮುಖ ತಿರುಗಿಸಿದ.

"ಎಷ್ಟು ಹೊತ್ತಿನ ಟ್ರಿಪ್ಪು?"

"ಅರ್ಧ ಗಂಟೆ."

"ಹೆಂಡ್ತಿ ಮಗು ಇಟ್ಕೊಂಡೋನು ಅಷ್ಟಾದ್ರೂ ಯೋಚ್ನೆ ಮಾಡ್ದೆ ಇರ್ತಾನಾ," ಎಂದ ಆರ್ಥರ್. ಸೂಜಿ ಚುಚ್ಚಿದ್ದ ಕೈಯನ್ನೇ ಚಾಚಿ ತಮ್ಮನ ತಲೆಯ ಮೇಲೊಂದು ಮೆಲ್ಲಗೆ ಮೊಟಕಿದ. "ಟೀನಾಗೆ ಗೊತ್ತಾ?"

"ಇಲ್ಲ."

"ಹಚ್ಚು ಫೋನು. ಇಲ್ಲೇ, ನನ್ನ ಮುಂದೆ."

ಟೀನಾ ಎರಡನೇ ರಿಂಗಿಗೆ ಎತ್ತಿದಳು. "ಭಾವ ಹೇಗಿದ್ದಾರೆ?"

"ಚೆನ್ನಾಗಿದ್ದಾನೆ," ಎಂದ ಜೆರ್ರಿ. "ಟೀನಾ, ನಮ್ಮ ಪಿಆರ್ ಬರದೇ ಹೋಗ್ಬಹುದು. ತಪ್ಪು ನಂದು." ಆಮೇಲೆ ಮೊದಲಿನಿಂದ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುತ್ತಿದ್ದ ಹಾಗೆ ಆರ್ಥರ್ ಅವನ ಕೈಯಿಂದ ಫೋನು ಕಿತ್ತುಕೊಂಡ.

"ಟೀನಾ, ನಾನಮ್ಮ, ಭಾವ. ಅವನಿಗೆ ಆಮೇಲೆ ಬಯ್ಯುವೆಯಂತೆ. ಮೊದ್ಲು ನನಗೆ ಬಯ್ದುಬಿಡು, ಅವನು ಹೋಗಿದ್ದು ನನಗೋಸ್ಕರ."

ಟೀನಾ ಬಯ್ಯತೊಡಗಿದಳು. ಜೆರ್ರಿ ಕುಳಿತಲ್ಲಿಗೂ ಅವಳ ದನಿ ಕೇಳಿಸುತ್ತಿತ್ತು. ಆರ್ಥರ್ ಕಣ್ಣು ಮುಚ್ಚಿಕೊಂಡು, "ಹೂಂ... ಹೂಂ ಕಣಮ್ಮ... ಹೌದು," ಎನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡ.